ಒಡ್ಡಿನ ಆಚೆ ಇಟ್ಟ ಟೊಪ್ಪಿಗೆ

ಮೆಷಿನ್ ಗನ್ ಬಗ್ಗೆ ವಿಡಿಯೋ ಹಾಕಿ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಸಿನಿಮಾದಲ್ಲಿ ತೋರಿಸುವುದು ಸುಳ್ಳು. ಗುಂಡು ಗೆರೆ ಎಳೆದಂತೆ ಹೋಗುವುದಿಲ್ಲ. ಹತ್ತಿರದಿಂದ ಹೊಡೆದರೆ ನೆಲ ಸವರಿಕೊಂಡು ಹಾಯುತ್ತದೆ. ದೂರದಿಂದ ಹೊಡೆದರೆ ಮೇಲೇರಿ, ಬಾಗಿ, ನೆತ್ತಿಯ ಮೇಲೆ ಸುರಿಯುತ್ತದೆ. ಇಷ್ಟನ್ನು ಸಿರಸಂಗಿಯ ಒಬ್ಬ ಹಿರಿಯರಿಗೆ ಹೇಳದೆ ನಾನು ವರ್ಷಗಟ್ಟಲೆ ಮುಚ್ಚಿಟ್ಟಿದ್ದೆ.

ಅವರ ಮಗ ಸೈನ್ಯದಲ್ಲಿ ನಮ್ಮ ಗನ್ನಿಗೆ ಗುಂಡಿನ ಪೆಟ್ಟಿಗೆ ಹೊತ್ತು ತರುತ್ತಿದ್ದ. ಗಡಿಯ ಗುಡ್ಡದಲ್ಲಿ, ಒಂದು ದಿಬ್ಬದ ಹಿಂದೆ ಕುಳಿತಿದ್ದಾಗ ಗುಂಡು ತಗಲಿ ತೀರಿಕೊಂಡ. ರಿಟೈರ್ ಆಗಿ ಬೈಲಹೊಂಗಲಕ್ಕೆ ಬಂದ ಮೇಲೆ, ಪ್ರತಿವರ್ಷ ಅವನು ಹೋದ ದಿನ ನಾನು ಸಿರಸಂಗಿಗೆ ಹೋಗುತ್ತೇನೆ. ಆ ಹಿರಿಯರನ್ನು ನಾನು ಕಾಕಾ ಎನ್ನುತ್ತೇನೆ. ಪ್ರತಿ ಸಲವೂ ಕಾಕಾ ಗೋಡೆಯ ಮೇಲಿನ ಮಗನ ಫೋಟೋ ನೋಡಿ ಬೈಯುತ್ತಾರೆ:

"ಸಣ್ಣಂವ ಇದ್ದಾಗಿಂದ ಹಂಗ ಅಂವ. ಕುಂದ್ರು ಅಂದ್ರ ನಿಂದ್ರಾಂವ. ಅಲ್ಲೂ ತಲಿ ಎತ್ತಿರ್ತಾನ, ಮಂಗ್ಯಾ!"

ನಾನು ಚಹಾ ಕುಡಿದು ಎದ್ದು ಬರುತ್ತಿದ್ದೆ.

ಈ ಸಲ ಕಾಕಾ ಹೊಲದಲ್ಲಿದ್ದರು. ಪೈಪು ಹಿಡಿದು ಮೆಣಸಿನ ಗಿಡಕ್ಕೆ ನೀರು ಬಿಡುತ್ತಿದ್ದರು.

"ಬಂದೇನೋ ತಮ್ಮಾ? ವಿಡಿಯೋದಾಗ ಊರ ಮಂದಿಗೆಲ್ಲಾ ಹೇಳ್ತಿ. ನನಗ ಒಂದ ಹೇಳು. ದಿಬ್ಬದ ಹಿಂದ ಕುಂತಂವಗ ಗುಂಡು ಹೆಂಗ ಬಡೀತೋ? ತಲಿ ಎತ್ತಿದ್ದ ಹೌದಿಲ್ಲೋ?"

ಅವರ ಕೈಯಿಂದ ಪೈಪು ಇಸಿದುಕೊಂಡೆ. "ಒಡ್ಡಿನ ಆಚೆ ಏನರ ಇಡ್ರಿ ಕಾಕಾ" ಎಂದೆ. ಅವರು ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು, ಒಡ್ಡಿನ ಹಿಂದಿನ ಇಳಿಜಾರಿನಲ್ಲಿ ಇಟ್ಟರು.

"ಇದ ನಮ್ಮಂವ ಅಂತ ತಿಳಿ."

ಒಡ್ಡಿನ ಹತ್ತಿರ ನಿಂತು, ಪೈಪಿನ ಬಾಯಿ ಹೆಬ್ಬೆರಳಿನಿಂದ ಒತ್ತಿ, ಅಡ್ಡಕ್ಕೆ ಬಿಟ್ಟೆ. ನೀರು ಒಡ್ಡಿನ ತಲೆ ಸವರಿ ದೂರ ಹೋಗಿ ಬಿತ್ತು. ಟೊಪ್ಪಿಗೆಗೆ ಒಂದು ಹನಿಯೂ ತಾಗಲಿಲ್ಲ.

"ಇದು ವೈರಿಯ ಸಮೀಪದ ಗನ್ ರೀ. ನಮಗ ಕಂಡಿದ್ದು ಇದೊಂದ."

ಹಿಂದೆ ಹಿಂದೆ ನಡೆದು, ದೂರ ನಿಂತು ಪೈಪು ಮೇಲಕ್ಕೆತ್ತಿದೆ. ನೀರು ಏರಿತು, ಬಾಗಿತು, ಒಡ್ಡು ದಾಟಿ ಆ ಇಳಿಜಾರಿನ ಮೇಲೇ ಉದ್ದಕ್ಕೂ ಸುರಿಯಿತು. ಟೊಪ್ಪಿಗೆ ತೊಯ್ದು ಮಣ್ಣಿಗೆ ಅಂಟಿತು.

"ಇದು ಆಚಿ ಗುಡ್ಡದ್ದು. ಅಲ್ಲೊಂದ ಗನ್ ಐತಿ ಅನ್ನೂದ ನನಗ ಗೊತ್ತಿರಲಿಲ್ರಿ."

ಕಾಕಾ ಟೊಪ್ಪಿಗೆಯನ್ನೇ ನೋಡುತ್ತಿದ್ದರು.

"ಅಂದ್ರ ತಲಿ ಎತ್ತಿದ್ದಿಲ್ಲ."

"ಇಲ್ರಿ. ಕುಂತಲ್ಲೇ ಕುಂತಿದ್ದ."

"ಅಲ್ಲಿ ಕುಂದ್ರು ಅಂದಾವ್ರು ಯಾರು?"

"ನಾನರಿ. ಏಳಬ್ಯಾಡ ಅಂತ ಎರಡ ಸಲ ಹೇಳಿದ್ನಿ."

ನಾನು ಮಾತ್ರ ಬಂಡೆಯ ಮರೆಯಲ್ಲಿದ್ದೆ. ಅದನ್ನೂ ಹೇಳಿದೆ. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ. ಅವರು ನನ್ನ ಕಡೆ ನೋಡಲೂ ಇಲ್ಲ. ನೀರು ಬಂದ್ ಮಾಡಿದರು. ಟೊಪ್ಪಿಗೆ ಹಿಂಡಿಕೊಂಡು, ಬರಿತಲೆಯಲ್ಲೇ ಮನೆಯ ಕಡೆ ನಡೆದರು. ನಾನು ಹಿಂದೆ ಹೋದೆ.

ಮಗನ ಫೋಟೋದ ಕೆಳಗೆ ನಿಂತರು.

"ಮಾತ ಕೇಳಿದಿಯಲ್ಲೋ ಮಂಗ್ಯಾ" ಎಂದರು. "ಅದೊಂದ ಸಲ ಯಾಕ ಕೇಳಿದಿ?"

ಪ್ರತಿವರ್ಷ ಕಾಕಾ ನನ್ನನ್ನು ಕಳಿಸಲು ಬಸ್ಸಿನ ತನಕ ಬರುತ್ತಿದ್ದರು. ಈ ಸಲ ನಾನು ಒಬ್ಬನೇ ಹೋದೆ.