ಸೂರು ಕಾಯುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯ ಮೊಣಕಾಲಿನ ಮೇಲೆ ಇದ್ದದ್ದು ಚರ್ಮವಲ್ಲ, ತೊಗಟೆ. ಇಪ್ಪತ್ತೈದು ವರ್ಷ ಇಳಿಜಾರು ಸೂರುಗಳ ಮೇಲೆ ಮಂಡಿಯೂರಿ ಮೊಳೆ ಹೊಡೆದು ಹೊಡೆದು ಅದು ಕಪ್ಪಗೆ, ದಪ್ಪಗೆ, ಅಡ್ಡಡ್ಡ ಬಿರುಕು ಬಿಟ್ಟು ಕೂತಿತ್ತು. ಇಲ್ಲಿ ಸ್ಯಾನ್ ಹೊಸೆಯ ಕನ್ನಡದವರ ಯುಗಾದಿಯ ಕೂಟಕ್ಕೆ ಪಂಚೆ ಉಟ್ಟು ಬಂದು ಅದನ್ನು ಎತ್ತಿ ಕಟ್ಟಿದರೆ ಎದುರಿಗಿದ್ದ ಹೆಂಗಸರು ಬೇರೆ ಕಡೆ ನೋಡುತ್ತಿದ್ದರು. ಮೇಸ್ತ್ರಿಗೆ ಅದರ ಪರಿವೆಯೇ ಇಲ್ಲ. ಆಗೆಲ್ಲ ನಮ್ಮವರು ಯಾರನ್ನು ಕಂಡರೂ ಮೊದಲು ಕೇಳುತ್ತಿದ್ದ ಪ್ರಶ್ನೆ, ನೀವು ಯಾವ ಕಂಪನಿ ಅನ್ನುವುದು. ಒಬ್ಬ ಹೊಸಬರು ಹಾಗೆ ಕೇಳಿದ್ದಕ್ಕೆ ಮೇಸ್ತ್ರಿ "ನಿಮ್ಮ ತಲೆ ಮೇಲಿರೋ ಕಂಪನಿ" ಅಂದು, ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಅವರು ಹಾಸನದ ಕಡೆಯವರು. ತಂಗಿಯನ್ನು ಇಲ್ಲಿನ ಡಾಕ್ಟರಿಗೆ ಕೊಟ್ಟಿದ್ದರು, ಆಕೆ ಅಣ್ಣನನ್ನು ಕರೆಸಿಕೊಂಡಿದ್ದರು. ನಾನು ಮಂಡ್ಯದವನು, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಸೆಂಟ್ರಿಂಗ್ ಕೆಲಸಕ್ಕೆ ಇಳಿದವನು. ಹೆಂಡತಿಗೆ ಸ್ಯಾನ್ ಹೊಸೆಯಲ್ಲಿ ನರ್ಸು ಕೆಲಸ ಸಿಕ್ಕಿದ್ದರಿಂದ ಅವಳ ಹಿಂದೆ ಬಂದೆ. ಅಪಾರ್ಟ್‌ಮೆಂಟಿನಲ್ಲಿ ಸುಮ್ಮನೆ ಕೂತು ಅವಳು ದುಡಿದು ತಂದದ್ದನ್ನು ಉಣ್ಣಲು ನನಗೆ ಮನಸ್ಸು ಒಪ್ಪುತ್ತಿರಲಿಲ್ಲ. ಯಾರೋ ಹೇಳಿದರೆಂದು ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಎಷ್ಟು ಓದಿದೀಯ ಎಂದರು. ಹೇಳಿದೆ. "ನಾನು ಐದನೇ ಕ್ಲಾಸು. ಹಂಗಾದ್ರೆ ನೀನೇ ಇಂಜಿನಿಯರು, ಗಾಡಿ ಹತ್ತು" ಅಂದರು.

ಶೇರು ಏರುತ್ತಿದ್ದ ವರ್ಷಗಳವು. ನಮ್ಮ ಕಂಪ್ಯೂಟರಿನವರು ನಾಲ್ಕು ಗಂಟೆ ದೂರದ ಬೆಟ್ಟಗಳಲ್ಲಿ, ಹಿಮ ಬೀಳುವ ಕಡೆ, ಮರದ ಮನೆಗಳನ್ನು ಕೊಳ್ಳತೊಡಗಿದ್ದರು. ಸ್ಯಾನ್ ಹೊಸೆಯಲ್ಲಿ ಇದ್ದವರಿಗೆ ಹಿಮವೆಂದರೆ ಫೋಟೊ. ಸೂರಿನಿಂದ ಇಳಿಬಿದ್ದ ಐಸಿನ ಕೋಲುಗಳ ಕೆಳಗೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುವುದನ್ನು ಕಂಡರೆ ಮೇಸ್ತ್ರಿಗೆ ಮೈಯೆಲ್ಲ ಉರಿ. ಅದು ಚಂದ ಅಲ್ಲ ಸ್ವಾಮಿ, ಕಾಯಿಲೆ, ಎನ್ನುತ್ತಿದ್ದರು.

ಆ ಕಾಯಿಲೆಯನ್ನು ನನಗೆ ಅವರು ಕೆರೆಯ ಏರಿಯ ಲೆಕ್ಕದಲ್ಲಿ ಹೇಳಿಕೊಟ್ಟರು. ಮನೆಯೊಳಗಿನ ಶಾಖ ಅಟ್ಟಕ್ಕೆ ಏರಿದರೆ ಸೂರಿನ ಮೇಲಿನ ಹಿಮ ಅಡಿಯಿಂದ ಕರಗುತ್ತದೆ. ಆ ನೀರು ಜಾರಿ, ಗೋಡೆ ದಾಟಿ ಹೊರಚಾಚಿದ ಅಂಚಿಗೆ ಬರುತ್ತದೆ. ಅಲ್ಲಿ ಕೆಳಗೆ ಶಾಖವಿಲ್ಲ, ಮತ್ತೆ ಹೆಪ್ಪುಗಟ್ಟುತ್ತದೆ. ಅದೇ ಏರಿ. ಏರಿ ಕಟ್ಟಿಕೊಂಡ ಮೇಲೆ ಹಿಂದೆ ನಿಂತ ನೀರು ಎಲ್ಲಿಗೆ ಹೋಗಬೇಕು? ಸೂರಿಗೆ ಹೊದಿಸಿದ ಹಾಳೆಗಳ ಸಂದಿಯಿಂದ ಮನೆಯೊಳಕ್ಕೆ.

ಆದ್ದರಿಂದ ಅವರು ಸೂರು ಹತ್ತುವ ಮೊದಲು ಅಟ್ಟಕ್ಕೆ ನುಗ್ಗುತ್ತಿದ್ದರು. ಕತ್ತಲಲ್ಲಿ ತೆವಳಿ, ಸೂರಿನ ಹಲಗೆಗೆ ಒಳಗಿನಿಂದ ಅಂಗೈ ಇಟ್ಟು, ಮಗುವಿನ ಜ್ವರ ನೋಡುವವರ ಹಾಗೆ ಶಾಖ ಅಳೆಯುತ್ತಿದ್ದರು. ಅಟ್ಟದ ನೆಲಕ್ಕೆ ಗುಲಾಬಿ ಬಣ್ಣದ ಗಾಜಿನ ಹತ್ತಿಯನ್ನು ದಪ್ಪಗೆ ಹಾಸುವುದು, ಅಂಚಿನ ಗಾಳಿಕಿಂಡಿಗಳನ್ನು ತೆರೆದಿಡುವುದು, ಅವರ ವಿದ್ಯೆಯೆಲ್ಲ ಇಷ್ಟೇ. "ಬೆಚ್ಚಗಿರಬೇಕಾದ್ದು ಮನುಷ್ಯ ಕಣಯ್ಯ, ಸೂರಲ್ಲ. ಅಟ್ಟ ಥಂಡಿ ಹೊಡೀತಾನೇ ಇರಬೇಕು." ಹಿಮ ಬಿದ್ದ ಮಾರನೆಯ ದಿನ ಬೀದಿಯಲ್ಲಿ ಗಾಡಿ ನಿಧಾನ ಮಾಡಿ, ಹಿಮ ಕರಗದೆ ಹಾಗೇ ಕೂತ ಸೂರೊಂದನ್ನು ತೋರಿಸಿ, ಇದು ಬುದ್ಧಿವಂತರ ಮನೆ ಎನ್ನುವರು.

ಬೆಂಗಳೂರಿನ ಒಬ್ಬ ಇಂಜಿನಿಯರು ಬೆಟ್ಟದಲ್ಲಿ ಅಂಥದೊಂದು ಮರದ ಮನೆ ಕೊಂಡಿದ್ದರು. ಚಳಿಗೆ ಮೊದಲೇ ನಾವಿಬ್ಬರೂ ಅದರ ಅಟ್ಟ ಮುಗಿಸಿಕೊಟ್ಟಿದ್ದೆವು. ಗೃಹಪ್ರವೇಶಕ್ಕೆ ಊರಿನ ಪುರೋಹಿತರು ಫೋನಿನಲ್ಲಿ ಇಟ್ಟುಕೊಟ್ಟ ಮುಹೂರ್ತ ಮಾಘದಲ್ಲಿ ಬಿತ್ತು, ಹಾಲು ಉಕ್ಕಿಸುವುದು ಹಿಮದ ನಡುವೆ ಎಂದಾಯಿತು. ಪಾತ್ರೆ ಪರಡಿ ಸಾಗಿಸಲು ನಾನು ಮೂರು ದಿನ ಮೊದಲೇ ಇಂಜಿನಿಯರ ಜೊತೆ ಹೋದೆ. ಅವರ ತಾಯಿಯೂ ಬಂದಿದ್ದರು. ಆಗಷ್ಟೇ ಬೆಂಗಳೂರಿನಿಂದ ಬಂದ ಮುದುಕಿ, ಎರಡು ಶಾಲು ಹೊದ್ದರೂ ಹಲ್ಲು ಕಟಕಟ.

ಇಂಜಿನಿಯರು ಅಟ್ಟದ ಬಾಗಿಲ ಸಂದಿಗೆ ಕೈಯೊಡ್ಡಿ ನೋಡಿದರು. "ಗುರು, ಆ ಕಿಂಡಿಗಳನ್ನ ಒಂದು ನಾಲ್ಕು ದಿನ ಕ್ಲೋಸ್ ಮಾಡಿಬಿಡಿ. ಅಮ್ಮಂಗೆ ತಡೆಯೋಕಾಗ್ತಿಲ್ಲ." ಮೇಸ್ತ್ರಿಯನ್ನು ಒಂದು ಮಾತು ಕೇಳಬೇಕು ಎಂದೆ. ಅವರು ನಕ್ಕು ನನ್ನ ಹೆಗಲ ಮೇಲೆ ಕೈ ಹಾಕಿದರು. "ಅವರನ್ನೇನು ಕೇಳೋದು? ಎಕ್ಸ್‌ಪರ್ಟು ನೀವೇ ಇದೀರಲ್ಲ."

ಅಷ್ಟು ಓದಿದವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಏಳನೇ ಕ್ಲಾಸಿನ ಎದೆ ಉಬ್ಬಿತು. ಉಳಿದಿದ್ದ ಗಾಜಿನ ಹತ್ತಿಯನ್ನು ಕತ್ತರಿಸಿ, ಅಂಚು ಮಡಿಚಿ, ಒಂದೊಂದೇ ಕಿಂಡಿಗೆ ತುರುಕಿದೆ. ಗಾಳಿ ನಿಂತಿತು. ಆ ತಾಯಿ ನನಗೆ ಬಿಸಿ ಕಾಫಿ ಕೊಟ್ಟು, ನಿನ್ನ ಹೊಟ್ಟೆ ತಣ್ಣಗಿರಲಪ್ಪ ಅಂದರು.

ಆಮೇಲೆ ಎರಡು ದಿನ ಬಿಡದೆ ಹಿಮ ಸುರಿಯಿತು. ನೆಂಟರು ತುಂಬಿದರು, ಹೀಟರು ಪೂರ್ತಿ ಉರಿಯಿತು, ಅಡಿಗೆಯ ಒಲೆ ಆರಲೇ ಇಲ್ಲ. ಮುಹೂರ್ತದ ಬೆಳಿಗ್ಗೆ ಮೇಸ್ತ್ರಿ ಬಂದವರು ಗಾಡಿ ಇಳಿದೊಡನೆ ಸೂರಿನ ಅಂಚು ನೋಡಿದರು. ಅಂಚಿನುದ್ದಕ್ಕೂ ತೊಡೆ ದಪ್ಪದ ಐಸಿನ ಏರಿ. ಒಳಗೆ ಹಾಲು ಉಕ್ಕಿ ಮುಗಿದಿತ್ತು. ತಾಯಿಯ ಕೋಣೆಯ ಗೋಡೆಯ ಮೇಲೆ ನೀರು ಇಳಿಯುತ್ತಿತ್ತು, ಸೀಲಿಂಗು ಗರ್ಭಿಣಿಯ ಹೊಟ್ಟೆಯಂತೆ ಉಬ್ಬಿತ್ತು. ಏನ್ರೀ ನಿಮ್ಮ ಕೆಲಸ ಇದು, ಎಂದು ಇಂಜಿನಿಯರು ಎಲ್ಲರ ಎದುರು ಕೇಳಿದರು.

ಮೇಸ್ತ್ರಿ ಟಾರ್ಚು ಹಿಡಿದು ಅಟ್ಟ ಹತ್ತಿದರು. ಇಳಿದು ಬಂದಾಗ ಅವರ ಸ್ವೆಟರಿಗೆಲ್ಲ ಗುಲಾಬಿ ಎಳೆ ಮೆತ್ತಿತ್ತು. ನನ್ನನ್ನು ನೋಡಿದರು. ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

"ತಪ್ಪು ನಂದೇ ಸ್ವಾಮಿ. ಕಿಂಡಿ ಮುಚ್ಚಿಸಿದ್ದು ನಾನೇ" ಅಂದರು ಮೇಸ್ತ್ರಿ.

ಇಂಜಿನಿಯರು ನನ್ನ ಕಡೆ ಒಮ್ಮೆ ಕಣ್ಣು ಹಾಯಿಸಿ, ಟವೆಲ್ಲು ತರಲು ಒಳಗೆ ಹೋದರು.

ಬೇರೆ ದಿನವಾಗಿದ್ದರೆ ಮೇಸ್ತ್ರಿ ಉದ್ದ ಕಾಲುಚೀಲಗಳಿಗೆ ಉಪ್ಪು ತುಂಬಿ ಐಸಿನ ಏರಿಗೆ ಅಡ್ಡಲಾಗಿ ಇಟ್ಟು ಕಾಯುತ್ತಿದ್ದರು. ಅರ್ಧ ದಿನದಲ್ಲಿ ಉಪ್ಪೇ ಕಾಲುವೆ ಕೊರೆಯುತ್ತದೆ. ಅವತ್ತು ಸೀಲಿಂಗು ಅಷ್ಟು ಹೊತ್ತು ತಡೆಯುವಂತಿರಲಿಲ್ಲ. ಕೈಕೊಡಲಿ ತೆಗೆದುಕೊಂಡರು. ನಾನು ಹತ್ತುತ್ತೇನೆಂದು ಏಣಿಗೆ ಕಾಲಿಟ್ಟೆ. ಅವರು ತೋಳು ಹಿಡಿದು ಇಳಿಸಿದರು. ನೀನು ಏಣಿ ಹಿಡ್ಕೋ, ಎಂದರು. ತಾವೇ ಸೂರಿನ ಅಂಚಿಗೆ ಹತ್ತಿದರು.

ಮೂರನೆಯ ಏಟಿಗೆ ಏರಿ ಒಡೆಯಿತು, ನೀರು ಧುಮ್ಮಿಕ್ಕಿತು. ಹಿಂದೆಯೇ ಬಾಗಿಲಿನಷ್ಟು ಅಗಲದ ಐಸಿನ ಹಲಗೆ ಕಳಚಿಕೊಂಡು ಮೇಸ್ತ್ರಿಯನ್ನು ತಳ್ಳಿಕೊಂಡೇ ಇಳಿಯಿತು. ನನ್ನ ಕೈಯಲ್ಲಿ ಏಣಿ ಮಾತ್ರ ಉಳಿಯಿತು. ಅವರು ಬಿದ್ದದ್ದು ಪಕ್ಕದಲ್ಲಿ ಒಟ್ಟಿದ್ದ ಸೌದೆಯ ಮೇಲೆ. ಸೊಂಟ ಮುರಿದಿತ್ತು.

ಮತ್ತೆ ಅವರು ನೆಟ್ಟಗೆ ನಡೆಯಲಿಲ್ಲ. ಸ್ಯಾನ್ ಹೊಸೆಯ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದರು. ಮೇಸ್ತ್ರಿಗೆ ವಯಸ್ಸಾಯಿತು, ತಾನೇ ಕಿಂಡಿ ಮುಚ್ಚಿಸಿ ಮನೆಯೊಳಗೆ ನೀರು ಹರಿಸಿದ ಅನ್ನುವ ಮಾತು ಒಂದು ವಾರದಲ್ಲಿ ನಮ್ಮವರ ಮನೆಮನೆ ತಲುಪಿತು. ಅವರಿಗೆ ಬರುತ್ತಿದ್ದ ಕೆಲಸದ ಫೋನುಗಳು ನನಗೆ ಬರತೊಡಗಿದವು. ಹೆಂಡತಿ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತ ದಿನವೂ ಅದೇ ಕೇಳುವಳು, ಇವತ್ತಾದ್ರೂ ಮೇಸ್ತ್ರಿಗೆ ನಿಜ ಹೇಳಿದ್ರಾ ಎಂದು.

ಕೊನೆಗೆ ಹೋದೆ. ಮುಚ್ಚಿದ್ದು ನಾನು ಎಂದೆ.

"ಗೊತ್ತು. ಅಂಚು ಮಡಿಚಿ ತುರುಕೋನು ನೀನೊಬ್ಬನೇ. ಚೆನ್ನಾಗೇ ತುರುಕಿದ್ದೆ ಬಿಡು, ಒಂದು ಸೊಳ್ಳೆಗೂ ಜಾಗ ಇರಲಿಲ್ಲ."

ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ. ಮೇಸ್ತ್ರಿಗೆ ಸಿಟ್ಟು ಬಂತು.

"ಹೇಳಿ? ಇಬ್ಬರೂ ಮನೇಲಿ ಕೂರೋಣ ಅಂತಲಾ? ನನ್ನ ಕೈಕೆಳಗೆ ನೀನು ಮಾಡಿದ್ದು ನಾನು ಮಾಡಿದ್ದೇ. ನಿನಗಿನ್ನೂ ಎಷ್ಟು ಸೂರು ಹತ್ತೋದಿದೆ. ಹೋಗು, ಮಳೆ ಶುರುವಾಗೋ ಮೊದಲು ನೀನು ಹಿಡಿದಿರೋ ಆ ಬರ್ಕ್ಲಿ ಮನೆ ಕೆಲಸ ಮುಗಿಸು."

ಎದ್ದು ಹೊರಟೆ. ಫ್ರೀವೇ ಹತ್ತುವಾಗ ಎದೆ ಹಗುರಾಗಿತ್ತು. ಇವತ್ತಿಗೂ ನನಗೆ ನಾಚಿಕೆಯಾಗುವುದು ಕಿಂಡಿ ಮುಚ್ಚಿದ್ದಕ್ಕಿಂತ ಆ ಹಗುರಕ್ಕೆ.

ಎರಡನೆಯ ಚಳಿಗಾಲದಲ್ಲಿ ಶ್ವಾಸಕೋಶಕ್ಕೆ ನಂಜೇರಿ ಮೇಸ್ತ್ರಿ ತೀರಿಕೊಂಡರು. ಅಷ್ಟರಲ್ಲಿ ಶೇರು ಬಿದ್ದು, ಬೆಟ್ಟದ ಮನೆಗಳು ಒಂದೊಂದಾಗಿ ಮಾರಾಟಕ್ಕೆ ನಿಂತಿದ್ದವು. ಹನ್ನೊಂದನೆಯ ದಿನದ ತಿಥಿ ಊಟಕ್ಕೆ ನಮ್ಮವರೆಲ್ಲ ಬಂದಿದ್ದರು, ಆ ಇಂಜಿನಿಯರೂ ಬಂದಿದ್ದರು. ಮಾತಿನ ನಡುವೆ ಒಬ್ಬ ಹಿರಿಯರು, ದೊಡ್ಡ ಕೆಲಸಗಾರ, ಕೊನೆಗಾಲದಲ್ಲಿ ಒಂದು ಎಡವಟ್ಟು ಮಾಡಿಕೊಂಡರು ಪಾಪ, ಅಂದರು.

ಎದ್ದು ನಿಂತೆ. "ಎಡವಟ್ಟು ಅವರದ್ದಲ್ಲ. ಕಿಂಡಿ ಮುಚ್ಚಿದ್ದು ನಾನು. ಮುಚ್ಚುವಾಗ ಅವರಿಗೆ ಗೊತ್ತೇ ಇರಲಿಲ್ಲ."

ಮೇಸ್ತ್ರಿಯ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಸತ್ತ ಮೇಲೂ ನಮ್ಮಣ್ಣನ ಮಾನ ಉಳಿಸೋಕೆ ನೋಡ್ತಿದೀಯಲ್ಲಪ್ಪ" ಅಂದರು. ಆ ಹಿರಿಯರು, ಇಂಥ ಶಿಷ್ಯ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ ಎಂದು ತಲೆದೂಗಿದರು. ನಾನು ಇಂಜಿನಿಯರ ಕಡೆ ನೋಡಿದೆ. ಹೆಂಡತಿ ಡ್ಯೂಟಿಗೆ ಹೋಗಿದ್ದಳು, ಅಲ್ಲಿದ್ದವರಲ್ಲಿ ನಿಜ ಗೊತ್ತಿದ್ದದ್ದು ಅವರೊಬ್ಬರಿಗೇ. ಅವರು ಅನ್ನಕ್ಕೆ ಸಾರು ಕಲೆಸುತ್ತಿದ್ದರು. ಸುಳ್ಳಲ್ಲ, ನಾನೇ ಮಾಡಿದ್ದು ಎಂದು ಇನ್ನೊಮ್ಮೆ ಹೇಳಿದೆ. ಪಕ್ಕದವರು ಕೈಹಿಡಿದು ಕೂರಿಸಿ, ಊಟ ಮಾಡಪ್ಪ, ಸಮಾಧಾನ ಮಾಡ್ಕೋ ಎಂದರು.

ಆ ವರ್ಷ ನನಗೆ ಹಿಂದೆಂದೂ ಇಲ್ಲದಷ್ಟು ಕೆಲಸ ಬಂತು. ಗುರುವಿನ ತಪ್ಪನ್ನು ತನ್ನದೆಂದು ಹೊತ್ತವನು, ನಂಬಬಹುದು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿ ಕಳಿಸುತ್ತಿದ್ದರು.