ಎರಡೇ ದಿನದ ಗುಣ

ನೆಕ್ಕಿ ಸೊಪ್ಪು, ಅರಶಿನ, ಲೋಳೆಸರ ಸೇರಿಸಿ ಇಸುಬಿಗೆ ಒಂದು ಜೆಲ್ ಮಾಡಲು ನನಗೆ ವರ್ಷಗಳೇ ಹಿಡಿದವು. ಬಣ್ಣ ನಿಂತರೆ ಜೆಲ್ ನೀರಾಗುತ್ತಿತ್ತು, ಜೆಲ್ ನಿಂತರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿತ್ತು. ಕೊನೆಗೂ ಹದ ಸಿಕ್ಕಾಗ ಅಕ್ಕನ ಗಂಡನ ಜೊತೆ ಸೇರಿ ಬಂದರಿನ ಒಂದು ಹಳೆಯ ಗೋದಾಮಿನಲ್ಲಿ ಕೆಲಸ ಶುರುಮಾಡಿದೆ. ತಯಾರಿ ನನ್ನದು, ಡಬ್ಬಿಗೆ ತುಂಬಿಸಿ ಮಾರುವುದು ಭಾವನದು.

ನನ್ನ ಜೆಲ್ ನಿಧಾನಿ. ತಿಂಗಳುಗಟ್ಟಲೆ ಹಚ್ಚಿದರೆ ಉರಿ ತಗ್ಗುತ್ತಿತ್ತು, ಅಷ್ಟೇ. ಹಂಪನಕಟ್ಟೆಯ ಅಂಗಡಿಯವರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಡಬ್ಬಿಗಳು ವಾಪಸು ಬರುತ್ತಿದ್ದವು. ಕಾಲಿಡೀ ಇಸುಬಿದ್ದ ಅಮ್ಮ ಕೂಡ ಅದನ್ನು ಮುಟ್ಟುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ!

ಒಂದು ದಿನ ಬೋಳಾರದ ನಮ್ಮ ಮನೆಯಲ್ಲಿ ಅಮ್ಮ ಸೀರೆ ತುಸು ಎತ್ತಿ ಕಾಲು ತೋರಿಸಿದಳು.

"ನೋಡು ಮಗಾ, ನಿನ್ನ ಜೆಲ್ಲೇ. ಈ ಸಲದ ಡಬ್ಬಿ ನಿನ್ನ ಭಾವ ಕೊಟ್ಟದ್ದು. ಎರಡೇ ದಿನಕ್ಕೆ ತುರಿಕೆ ನಿಂತಿತು. ಮಳೆಗಾಲ ಪೂರ್ತಿ ಹಚ್ಚಿದ್ದೇನೆ."

ಕೆಂಪು ಮಾಯವಾಗಿತ್ತು. ಆದರೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ಅಡಿಯ ನರಗಳು ಕಾಣುತ್ತಿದ್ದವು. ಯಾವ ಸೊಪ್ಪೂ ಎರಡು ದಿನದಲ್ಲಿ ಇಸುಬು ಅಡಗಿಸುವುದಿಲ್ಲ. ಅಡಗಿಸುವುದು ಸ್ಟಿರಾಯ್ಡ್. ಡಾಕ್ಟರು ಅಳೆದು ಕೊಡಬೇಕಾದ ಆ ಮದ್ದನ್ನು ಅಮ್ಮ ತೆಂಗಿನೆಣ್ಣೆಯ ಹಾಗೆ ಸವರಿಕೊಂಡಿದ್ದಳು. ಡಬ್ಬಿಯ ಮೇಲೆ 'ಶುದ್ಧ ಗಿಡಮೂಲಿಕೆ' ಎಂದಿತ್ತು.

ಹೋಗಿ ಕೇಳಿದರೆ ಭಾವ ಅಲ್ಲಗಳೆಯಲೂ ಇಲ್ಲ.

"ಸ್ವಲ್ಪ ಸೇರಿಸಿದ್ದು ಹೌದು. ಅದಕ್ಕೆ ಎಂತ ಈಗ? ಅತ್ತೆಗೆ ಗುಣ ಆಯ್ತಾ ಇಲ್ವಾ? ಜನಕ್ಕೆ ಬೇಕಾದ್ದು ಅದೇ ಮಾರಾಯ. ನಿನ್ನ ಸೊಪ್ಪಿನ ಗಂಜಿ ಯಾರಿಗೆ ಬೇಕು?"

ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅಕ್ಕನ ಮುಖ ನೆನಪಾಯಿತು. ಅಂಗಡಿಗಳಿಂದ ಡಬ್ಬಿಗಳನ್ನೆಲ್ಲ ಹಿಂದಕ್ಕೆ ತರಿಸಿ ಗೋದಾಮಿಗೆ ಬೀಗ ಹಾಕಿದೆ. ಆಗಲೇ ಹಚ್ಚಿಕೊಂಡವರ ಚರ್ಮವನ್ನು ಹಿಂದಕ್ಕೆ ತರಿಸುವುದು ಹೇಗೆ?

ಚರ್ಮದ ಡಾಕ್ಟರು ಅಮ್ಮನಿಗೆ ಆ ಜೆಲ್ ಬಿಡಿಸಿ ಬೇರೆ ಮದ್ದು ಕೊಟ್ಟರು. ಸ್ಟಿರಾಯ್ಡ್ ಬಿಟ್ಟಾಗ ಇಸುಬು ಮೊದಲು ಕೆರಳುತ್ತದೆ, ತಡೆದುಕೊಳ್ಳಬೇಕು ಎಂದರು. ಕೆರಳಿದ್ದು ಅಂತಿಂಥದ್ದಲ್ಲ. ಮೊಣಕಾಲಿನವರೆಗೆ ಕೆಂಪೇರಿ, ಒಡೆದು, ನೀರು ಸೋರತೊಡಗಿತು. ಭಾವ ಬೆರೆಸಿದ್ದು ಏನೆಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅಮ್ಮನ ತಲೆಗೆ ಹೋಗಲಿಲ್ಲ.

"ನಿನಗೆ ಹೊಟ್ಟೆಕಿಚ್ಚು," ಎಂದಳು. "ನಿನ್ನ ಕೈಯಲ್ಲಿ ಆಗದ್ದು ಅವರ ಕೈಯಲ್ಲಿ ಆಯ್ತಲ್ಲ."

ರಕ್ತ ಬರುವ ಹಾಗೆ ತುರಿಸಿಕೊಳ್ಳುತ್ತಿದ್ದ ಅವಳ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ಅಮ್ಮ ಕೊಸರಾಡಿದಳು, ಬೈದಳು, ಕೊನೆಗೆ ಅಳುತ್ತಾ, ಆ ಡಬ್ಬಿ ತರಲು ಭಾವನಿಗೆ ಫೋನ್ ಮಾಡು ಎಂದಳು.