ಗುರುವಾರವೇ ಕಂಡಿದ್ದ ಬ್ಯಾಕ್ಟೀರಿಯಾ

ನನ್ನ ಪಿಎಚ್‌ಡಿ ಗೈಡ್‌ಗೆ ಬಲಗೈ ತೋರುಬೆರಳಿನ ಉಗುರು ಅರ್ಧವೇ ಇತ್ತು. ಅದರಿಂದ ಮೇಜು ಕುಟ್ಟುತ್ತಲೇ ಮಾತಾಡುತ್ತಿದ್ದರು. ಕುಟ್ಟುವುದು ನಿಂತಿತೆಂದರೆ ಯಾರದೋ ಮರ್ಯಾದೆ ಹೋಗುವುದಿದೆ ಎಂದು ಗೋವಾದ ಫೋಂಡಾದಲ್ಲಿದ್ದ ಆ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೈಡ್ ಧಾರವಾಡದವರು. ಬೆಳಗಾವಿಯಿಂದ ಹೋದ ನನಗೆ ನಮ್ಮ ಕಡೆಯವರೆಂಬ ಆಸೆಯಿತ್ತು. ಒಂದೇ ವಾರದಲ್ಲಿ ಬಿಟ್ಟುಹೋಯಿತು. ಕಸ ಗುಡಿಸುವ ಹೆಂಗಸಿನೊಡನೆ ಕೊಂಕಣಿಯಲ್ಲಿ ನಗುನಗುತ್ತ ಮಾತಾಡುತ್ತಿದ್ದವರು ನಮ್ಮ ಜೊತೆ ಕನ್ನಡ ಆಡುತ್ತಿದ್ದದ್ದು ಬೈಯುವುದಕ್ಕೆ ಮಾತ್ರ.

ನಮ್ಮ ಕೆಲಸ ಒಂದು ಜಾತಿಯ ಬಿಳಿ ರಕ್ತಕಣಗಳ ಮೇಲೆ. ಬ್ಯಾಕ್ಟೀರಿಯಾ ಬಿ-ಟು ವಿಟಮಿನ್ ತಯಾರಿಸುವಾಗ ನಡುವೆ ಉಳಿಯುವ ಅರೆಬರೆ ಸರಕನ್ನು ಈ ಕಣಗಳು ಗುರುತಿಸಿ ಎಚ್ಚರಾಗುತ್ತವೆ. ನಮ್ಮ ದೇಹ ಆ ವಿಟಮಿನ್ ತಯಾರಿಸುವುದೇ ಇಲ್ಲ, ಊಟದಿಂದ ಪಡೆಯುತ್ತದೆ. ಹಾಗಾಗಿ ಅರೆಬರೆ ಸರಕು ಕಂಡರೆ ಸೂಕ್ಷ್ಮಜೀವಿ ಒಳಗೆ ಬಂದಿದೆ ಎಂದೇ ಅರ್ಥ. ಪೂರ್ತಿ ತಯಾರಾದ ವಿಟಮಿನ್‌ಗೆ ಅವು ಕದಲುವುದಿಲ್ಲ.

ನನ್ನ ಕಣಗಳು ಕದಲಿದವು. ಬರೀ ಶುದ್ಧ ವಿಟಮಿನ್ ಹಾಕಿದ್ದಕ್ಕೆ, ಅದೂ ಮೂರು ಸಲ. ಹೊಸದೇನೋ ಸಿಕ್ಕಿತೆಂದು ಹಿಗ್ಗಿಹೋದೆ. ನನ್ನ ಫೆಲೋಶಿಪ್ ಮುಂದುವರಿಸಬೇಕೋ ಬೇಡವೋ ಎಂದು ಸೋಮವಾರ ಸಮಿತಿ ತೀರ್ಮಾನಿಸುವುದಿತ್ತು. ಗುರುವಾರ ಗೈಡ್‌ಗೆ ಫಲಿತಾಂಶ ತೋರಿಸಿದೆ. ಅವರು ವಿಟಮಿನ್ ಬಾಟಲಿ ತರಿಸಿಕೊಂಡು, ಮಧ್ಯಾಹ್ನ ಮರಳಿಸಿ, ಸಮಿತಿಯ ಮುಂದೆ ಇದನ್ನೇ ಹೇಳು ಎಂದರು.

ಹೇಳಿದೆ. ಮೇಜು ಕುಟ್ಟುವುದು ನಿಂತಿತು.

"ಆ ಬಾಟಲಿಯೊಳಗ ಬ್ಯಾಕ್ಟೀರಿಯಾ ಬೆಳದಾವ," ಎಂದರು ಎಲ್ಲರೆದುರು. "ಕಣಕ್ಕ ಗೊತ್ತಾತು, ಈಕಿಗೆ ಗೊತ್ತಾಗಲಿಲ್ಲ."

ಫೆಲೋಶಿಪ್ ಹೋಯಿತು. ಕಾರಿಡಾರಿನಲ್ಲಿ ಅವರ ಹಿಂದೆ ಓಡಿ, ನಿಮಗೆ ಯಾವಾಗ ತಿಳಿಯಿತು ಸರ್ ಎಂದು ಕೇಳಿದೆ.

"ಗುರುವಾರನ ಗೊತ್ತಾಗಿತ್ತು. ಬಾಟಲಿ ನಿಂದು, ನೋಡೂದೂ ನಿನ್ನ ಕೆಲಸ."

ತಪ್ಪು ನನ್ನದೇ, ಇಲ್ಲವೆನ್ನುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗೆಲ್ಲ ಫ್ರಿಜ್ ಬೆಚ್ಚಗಾಗುವುದು ಗೊತ್ತಿದ್ದೂ ಅದೇ ಬಾಟಲಿಯನ್ನು ವಾರಗಟ್ಟಲೆ ಬಳಸಿದವಳು ನಾನು. ಆದರೂ ನಾಲ್ಕು ದಿನ ಬಾಯಿ ಮುಚ್ಚಿಕೊಂಡು ಕಾದ ಆ ಮನುಷ್ಯನನ್ನು ಕ್ಷಮಿಸಿಲ್ಲ. ಹೋದ ವರ್ಷ ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ, ಹೋಗಬೇಕಿತ್ತು ಎಂದು ಇವತ್ತಿಗೂ ಅನ್ನಿಸಿಲ್ಲ.

ಈಗ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೈಕೆಳಗೆ ಮೂವರಿದ್ದಾರೆ. ಮೊನ್ನೆ, ತಪಾಸಣೆಯ ಹಿಂದಿನ ದಿನ, ಅವರಲ್ಲಿ ನನಗೆ ಸದಾ ಎದುರುತ್ತರ ಕೊಡುವವಳ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಕಂಡೆ. ಕರೆದು ಹೇಳಿದೆ. ಹೇಳುವ ಮೊದಲು ಒಂದು ತಾಸು ಸುಮ್ಮನೆ ಕೂತಿದ್ದೆ. ಆ ಒಂದು ತಾಸನ್ನು ನನಗೆ ಕಲಿಸಿಕೊಟ್ಟವರು ನನ್ನ ಗೈಡೇ.